ಜೀವಕೋಶದ ತಿರುಳು

ಕಣ್ಣಿಗೆ ಕಾಣದ ವಸ್ತುವೊಂದನ್ನು ಕುರಿತು, ಕಣ್ಣಿಗೆ ಕಾಣದ ಶ್ರೋತೃಗಳೆದುರಿಗೆ, ಚಿತ್ರಪಟವಾಗಲಿ ಕರಿಹಲಗೆಯಾಗಲಿ ಇಲ್ಲದೆ ಮಾತನಾಡಹೊರಡುವುದು ಸ್ವಲ್ಪ ಸಾಹಸದ ಕೆಲಸವೇ ಸರಿ. ಕಾಲೇಜಿನ ಕೊಠಡಿಯಲ್ಲಾದರೆ ನನ್ನ ಕೆಲಸ ಸುಲಭ. ಸೀಮೆಸುಣ್ಣದಿಂದ ಒಂದು ವೃತ್ತವನ್ನು ಬರೆದು, ಅದರ ನಡುವೆ ಒಂದು ದಪ್ಪ ಚುಕ್ಕೆಯನ್ನಿಟ್ಟು, ಇದು ಜೀವಕೋಶ, ಇದು ಅದರ ಕೇಂದ್ರ, ಜೀವಕೋಶದ ವ್ಯಾಪಾರವೆಲ್ಲವೂ ಈ ಕೇಂದ್ರದ ಅಪ್ಪಣೆಯಂತೆ ನಡೆಯುತ್ತದೆ ಎಂದು ಹೇಳಿಬಿಡುವೆನು. ಹುಡುಗರು ಅದನ್ನು ಬರೆದುಕೊಳ್ಳುವರು. ಪರೀಕ್ಷೆಯಲ್ಲಿ ಹಾಗೆಯೇ ಹಿಂದಿರುಗಿಸುವರು. ನಾನು ಅಂಕಗಳನ್ನು ಕೊಡುವೆನು. ಈ ವಹಿವಾಟು ಹಲವು ವರ್ಷ ನಿರಾತಂಕವಾಗಿ ನಡೆದು ಬಂದಿತ್ತು. ಆ ಚುಕ್ಕೆಯನ್ನು ಕುರಿತು ನಾನು ಹೇಳುತ್ತಿದ್ದುದು ಅರ್ಧ ಮಾತು ಮಾತ್ರವೆಂಬುದು ನನಗೆ ಚೆನ್ನಾಗಿ ಮನದಟ್ಟಾದದ್ದು ಹುಲಸೂರಿನಲ್ಲಿ, ಒಬ್ಬ ರೈತರ ಪ್ರಶ್ನೆಯಿಂದ.

ಹುಲಸೂರು ಬೀದರ ಜಿಲ್ಲೆಯಲ್ಲಿ, ಬಸವಕಲ್ಯಾಣದಿಂದ ಭಾಲ್ಕಿಯ ಕಡೆಗೆ ಹೋಗುವಾಗ ಸಿಕ್ಕುವ ಊರು. ಹಿಂದೆ ಬಸವಕಲ್ಯಾಣ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಿನ ಕೇಂದ್ರವಾಗಿದೆ. ಮಹಾರಾಷ್ಟ್ರದ ಎಲ್ಲೆ ಹತ್ತಿರವಾದುದರಿಂದ ಅಲ್ಲಿಯ ಜನರ ಬಾಯಲ್ಲಿ ಕನ್ನಡವೂ ಮರಾಠಿಯೂ ಒಂದೇ ಉಸಿರಿನಲ್ಲಿ ಬರುವುವು. ಸುತ್ತ ಎರೆಯ ಹೊಲಗಳು. ಜೋಳ, ತೊಗರಿ, ಉದ್ದು, ಕಡಲೆ ಅಲ್ಲಿಯ ಬೆಳೆಗಳು. ಒಂದು ಭಾದ್ರಪದದಲ್ಲಿ ವಿದ್ಯಾರ್ಥಿಗಳ ಸೇವಾಶಿಬಿರಕ್ಕಾಗಿ ಅಲ್ಲಿಗೆ ಹೋಗಿದ್ದಾಗ, ಸಂಜೆಯ ಹೊತ್ತು ಶಾಲೆಯ ಪಡಸಾಲೆಯಲ್ಲಿ ಒಂದು ಸೂಕ್ಷ್ಮದರ್ಶಕವನ್ನಿಟ್ಟು ಊರಿನವರಿಗೆ ತೋರಿಸುತ್ತಿದ್ದೆವು. ಬೇಕಾದ ಸಾಮಗ್ರಿ ಬಹಳ ಇಲ್ಲ: ಒಂದು ಉಳ್ಳಾಗಡ್ಡೆ, ಔಷಧದ ಅಂಗಡಿಯಿಂದ ತಂದ ಅಯೋಡಿನ್, ಎರಡು ಗಾಜಿನ ತುಂಡು.

ಶ್ರೋತೃಗಳೂ ಮನಸ್ಸಿನಲ್ಲಿಯೇ ಆ ಸಾಲಿನಲ್ಲಿ ನಿಂತು ಒಮ್ಮೆ ಇಣುಕಿ ನೋಡಬೇಕೆಂದು ಬೇಡುತ್ತೇನೆ. ಉಳ್ಳಾಗಡ್ಡೆಯ ಒಂದು ಪದರವನ್ನು ಮುರಿದಾಗ ಒಳಮೈಯಿಂದ ಕಾಗದಕ್ಕಿಂತ ತೆಳುವಾದ ಪೊರೆಯೊಂದು ಕಿತ್ತು ಬರುವುದಷ್ಟೆ. ಅದನ್ನು ಗಾಜಿನ ಮೇಲೆ ಹರಡಿ ಒಂದು ತೊಟ್ಟು ಅಯೋಡಿನ್ನನ್ನು ಬಿಟ್ಟು ನೋಡಿದರೆ, ಇಟ್ಟಿಗೆಯ ಗೋಡೆಯೊಂದನ್ನು ಕಂಡಂತಾಗುವುದು. ಉದ್ದುದ್ದನೆಯ ಕೋಣೆಗಳು, ಒಂದಕ್ಕೊಂದು ಅಂಟಿಕೊಂಡು, ನಡುವೆ ಎಡೆಯೇ ಇಲ್ಲದಂತೆ ಜೋಡಿಸಿರುವುವು. ಈ ಒಂದೊಂದು ಕೋಣೆಯೂ ಒಂದೊಂದು ಜೀವಕೋಶ. ಪ್ರತಿಯೊಂದರಲ್ಲಿಯೂ, ಹೆಚ್ಚಾಗಿ ಗೋಡೆಯ ಮಗ್ಗುಲಿಗೆ ಒತ್ತಿಕೊಂಡು, ಕಂದುಹಳದಿಯ ಒಂದು ದುಂಡನೆಯ ಗುಳಿಗೆ ಕಾಣುವುದು. ಅದೇ ನಮ್ಮ ಕಥಾನಾಯಕ.

ಇನ್ನು ನಮ್ಮ ಕೆನ್ನೆಯ ಒಳಬದಿಯನ್ನು ಒಂದು ಕಡ್ಡಿಯಿಂದ ಮೆಲ್ಲನೆ ಉಜ್ಜಿ, ಬಂದುದನ್ನು ಗಾಜಿಗೆ ಸವರಿ, ನೀಲಿಯ ಬಣ್ಣ ಹಾಕಿ ನೋಡೋಣ. ಇಲ್ಲಿ ಇಟ್ಟಿಗೆಯ ಶಿಸ್ತು ಇಲ್ಲ. ಒದ್ದೆ ಹಪ್ಪಳಗಳನ್ನು ಚೆಲ್ಲಿದಂತೆ ಅಂಕುಡೊಂಕಾದ ತೆಳುವಾದ ಹಾಳೆಗಳು. ಕೆಲವು ಮಡಿಸಿಕೊಂಡಿವೆ, ಕೆಲವು ಒಂದರ ಮೇಲೊಂದು ಬಿದ್ದಿವೆ. ಆದರೆ ಪ್ರತಿಯೊಂದರ ನಡುವೆಯೂ ಅದೇ ಗುಳಿಗೆ, ಗಾಢ ನೀಲಿಯಾಗಿ. ಉಳ್ಳಾಗಡ್ಡೆಗೂ ಉಳ್ಳಾಗಡ್ಡೆಯನ್ನು ತಿನ್ನುವವನಿಗೂ ಇರುವ ಸಂಬಂಧ ಇದೆಂದು ಒಬ್ಬ ಹುಡುಗನು ನಗೆಯಾಡಿದನು. ಅದು ನಗೆಯ ಮಾತಷ್ಟೇ ಅಲ್ಲ.

ಸಸ್ಯಕೋಶಕ್ಕೂ ಪ್ರಾಣಿಕೋಶಕ್ಕೂ ಇರುವ ಭೇದವನ್ನು ಇಲ್ಲಿಯೇ ಹೇಳಿ ಮುಗಿಸಬಹುದು. ಎರಡಕ್ಕೂ ಅತಿ ಸೂಕ್ಷ್ಮವಾದ ಕೋಶಪೊರೆಯುಂಟು. ಸಸ್ಯಕೋಶಕ್ಕೆ ಅದರ ಹೊರಗೆ ಸೆಲ್ಯುಲೋಸಿನ ಗಟ್ಟಿಯಾದ ಕೋಶಭಿತ್ತಿಯೂ ಉಂಟು. ನಾವು ಅರಿವೆಯನ್ನಾಗಿ ಉಡುವುದೂ, ಕಾಗದವನ್ನಾಗಿ ಬರೆಯುವುದೂ ಈ ಸೆಲ್ಯುಲೋಸನ್ನೇ. ಬೆಳೆದ ಸಸ್ಯಕೋಶದ ನಡುವಿನ ಜಾಗವನ್ನೆಲ್ಲ ರಸದಾನಿಯೆಂಬ ನೀರಿನ ಚೀಲವು ಆಕ್ರಮಿಸಿಕೊಂಡು, ಕೋಶಕೇಂದ್ರವನ್ನೂ ಕೋಶದ್ರವ್ಯವನ್ನೂ ಗೋಡೆಯ ಕಡೆಗೆ ತಳ್ಳಿಬಿಡುವುದು. ನೀರು ಕಾಣದ ಗಿಡ ಜೋತುಬೀಳುವುದು ಈ ಚೀಲಗಳು ಬತ್ತುವುದರಿಂದ. ಎಲೆಯ ಕೋಶಗಳಲ್ಲಿ ಬಿಸಿಲನ್ನು ಹಿಡಿದು ಆಹಾರ ಮಾಡುವ ಹಸುರು ಕಣಗಳಿರುವುವು; ನೆಲದೊಳಗಿನ ಉಳ್ಳಾಗಡ್ಡೆಯಲ್ಲಿ ಅವನ್ನು ಹುಡುಕಿದರೆ ಸಿಕ್ಕವು, ಕೆರೆಬಾವಿಯ ಜೊಂಡಿನ ಎಲೆಯನ್ನು ನೋಡಬೇಕು. ಪ್ರಾಣಿಕೋಶಕ್ಕೆ ಗೋಡೆಯಿಲ್ಲ, ಹಸುರಿಲ್ಲ, ದೊಡ್ಡ ರಸದಾನಿಯಿಲ್ಲ. ಗೋಡೆಯಿಲ್ಲದ ಕಾರಣದಿಂದಲೇ ಅದು ಬಾಗಬಲ್ಲದು, ಹರಿಯಬಲ್ಲದು. ನಮ್ಮ ಸ್ನಾಯು ಸಂಕುಚಿತವಾಗುವುದೂ ಅದರಿಂದಲೇ.

ಆ ಸಂಜೆ ಸರದಿಯಲ್ಲಿ ನಿಂತಿದ್ದ ಒಬ್ಬ ವೃದ್ಧ ರೈತರು, ಊರಿನವರೆಲ್ಲ ಕಾಕಾ ಎಂದು ಕರೆಯುತ್ತಿದ್ದವರು, ಬಗ್ಗಿ ನೋಡಿ, ಎದ್ದು, ತಲೆಯ ರುಮಾಲನ್ನು ಸರಿಪಡಿಸಿಕೊಂಡು ಹೀಗೆ ಕೇಳಿದರು:

"ಮಾಸ್ತರ, ಹ್ವಾದ ವರ್ಷ ಅಂಗಡಿಂದ ಹೈಬ್ರಿಡ್ ಜ್ವಾಳದ ಬೀಜ ತಂದು ಬಿತ್ತಿದ್ದೆ. ಸಾಲಿಗಿ ಸಾಲು ಒಂದೇ ಎತ್ತರ ಬಂತು. ಚೊಲೋ ತೆನಿ ನಾನೇ ಆರಿಸಿ ಬೀಜಕ್ಕ ಇಟ್ಟೆ. ಈ ವರ್ಷ ಅದನೇ ಬಿತ್ತಿದ್ರ ಒಂದು ಕುಳ್ಳ, ಒಂದು ಉದ್ದ. ಕೆಲವು ತೆನ್ಯಾಗ ಹೂವಿನ ಪುಡಿನೇ ಇಲ್ಲ. ಬೀಜದಾಗ ಇದ್ದದ್ದು ಎಲ್ಲಿ ಹ್ವಾತು? ನಿಮ್ಮ ಈ ದುರ್ಬೀನ್ಯಾಗ ಅದು ಕಾಣ್ತದೇನು?"

ನಾನು ಕೂಡಲೆ ಉತ್ತರ ಕೊಡಲಿಲ್ಲ. ನಾಳೆ ಹೇಳುತ್ತೇನೆ ಕಾಕಾ ಎಂದೆನು. ಉತ್ತರ ನನಗೆ ತಿಳಿಯದೆ ಇರಲಿಲ್ಲ. ಅದನ್ನು ಹೇಳುವುದಕ್ಕೆ ನನ್ನ ವೃತ್ತ ಮತ್ತು ಚುಕ್ಕೆಗಳು ಸಾಲವೆಂಬುದು ಆಗ ಹೊಳೆಯಿತು. ಆ ರಾತ್ರಿ ನಾನು ಮನಸ್ಸಿನಲ್ಲಿ ಜೋಡಿಸಿಕೊಂಡ ಸಂಗತಿಗಳನ್ನೇ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಜೀವಕೋಶವನ್ನು ಮೊದಲು ಕಂಡವನು ಇಂಗ್ಲೆಂಡಿನ ರಾಬರ್ಟ್ ಹುಕ್, ೧೬೬೫ರಲ್ಲಿ. ಆತನು ನೋಡಿದ್ದು ಬೆಂಡಿನ ತುಣುಕು. ಅಂದರೆ ಸತ್ತ ಕೋಶಗಳ ಗೋಡೆ ಮಾತ್ರ. ಮನೆ ಕಂಡಿತು, ಒಳಗಿನ ಸಂಸಾರ ಕಾಣಲಿಲ್ಲ. ಸಂಸಾರದ ಯಜಮಾನನಿಗೆ ಹೆಸರು ದೊರೆತದ್ದು ೧೮೩೧ರಲ್ಲಿ. ರಾಬರ್ಟ್ ಬ್ರೌನನೆಂಬ ಸಸ್ಯಶಾಸ್ತ್ರಜ್ಞನು ಸೀತಾಳೆಯ ಜಾತಿಯ ಗಿಡಗಳನ್ನು ಪರೀಕ್ಷಿಸುತ್ತಿದ್ದಾಗ, ಎಲೆಯ ಕೋಶಗಳಲ್ಲೆಲ್ಲ ದುಂಡನೆಯ ಮಸುಕಾದ ಗುರುತೊಂದು ತಪ್ಪದೆ ಕಾಣಿಸಿತು. ಅವನಿಗಿಂತ ಮುಂಚೆ ಅದನ್ನು ಕಂಡು ಚಿತ್ರ ಬರೆದವರೂ ಉಂಟು. ಆದರೆ ಇದು ಎಲ್ಲೋ ಒಂದೆರಡು ಕಡೆ ಇರುವ ಕಲೆಯಲ್ಲ, ಕೋಶದ ನಿಯತವಾದ ಅಂಗವೆಂದು ಗ್ರಹಿಸಿ ಅದಕ್ಕೆ ನ್ಯೂಕ್ಲಿಯಸ್ ಎಂಬ ಹೆಸರನ್ನಿಟ್ಟವನು ಬ್ರೌನ್. ಹಲವರ ಕಣ್ಣಿಗೆ ಬಿದ್ದ ವಸ್ತುವನ್ನು ಒಬ್ಬನು ಗಮನಿಸುವುದು ಶಾಸ್ತ್ರಗಳ ಇತಿಹಾಸದಲ್ಲಿ ಮತ್ತೆ ಮತ್ತೆ ಕಂಡುಬರುವ ಸಂಗತಿ.

ಇಲ್ಲಿ ಹೆಸರಿನ ವಿಷಯವಾಗಿ ಒಂದು ಮಾತು. ನ್ಯೂಕ್ಲಿಯಸ್ ಎಂಬುದು ಲ್ಯಾಟಿನ್ ಶಬ್ದ. ಕಾಯಿಯ ಒಳಗಿನ ತಿರುಳು ಎಂದು ಅದರ ಅರ್ಥ. ನಮ್ಮ ಪಠ್ಯಪುಸ್ತಕಗಳಲ್ಲಿ ಅದನ್ನು ಕೋಶಕೇಂದ್ರವೆಂದು ಕರೆಯುವ ರೂಢಿ ಬಂದಿದೆ. ರೂಢಿಯನ್ನು ನಾನೂ ಬಿಡಲಾರೆನು. ಆದರೂ ಕೇಂದ್ರವೆಂದ ಕೂಡಲೆ ಅದು ನಟ್ಟನಡುವೆ ಇರಬೇಕೆಂದೂ, ಸರ್ಕಾರದಂತೆ ಅಲ್ಲಿಂದ ಆಜ್ಞೆಗಳು ಹೊರಟು ಉಳಿದವರು ಪಾಲಿಸುವರೆಂದೂ ಮನಸ್ಸಿಗೆ ತೋರುವುದು. ಉಳ್ಳಾಗಡ್ಡೆಯಲ್ಲಿ ಅದು ನಡುವೆ ಇಲ್ಲವೆಂದು ಆಗಲೇ ನೋಡಿದೆವು. ಆಜ್ಞೆಯ ವಿಷಯವೂ ಅಷ್ಟು ಸರಳವಲ್ಲ. ತಿರುಳು ಎಂಬ ನಮ್ಮ ಮಾತೇ ಹೆಚ್ಚು ಸಹಜವಾಗಿತ್ತೆಂದು ನನ್ನ ಅಭಿಪ್ರಾಯ.

ಈ ತಿರುಳಿನೊಳಗೆ ಏನಿದೆ? ಪ್ರಾಣಿಕೋಶಗಳಲ್ಲಿ ಸಾಮಾನ್ಯವಾಗಿ ಅದರ ಅಡ್ಡಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ೫ರಿಂದ ೧೦ ಪಾಲು. ಅದನ್ನು ಜೋಡಿ ಪೊರೆಯೊಂದು ಸುತ್ತಿರುವುದು. ಆ ಪೊರೆಯಲ್ಲಿ ಸಾವಿರಾರು ಗಿಂಡಿಗಳು, ಒಂದೊಂದು ಗಿಂಡಿಯೂ ಕಾವಲಿರುವ ಬಾಗಿಲಿನಂತೆ, ಬೇಕಾದುದನ್ನು ಬಿಟ್ಟು ಬೇಡವಾದುದನ್ನು ತಡೆಯುವುದು. ಒಳಗೆ ಮತ್ತೊಂದು ಕಿರಿಯ ಗುಳಿಗೆಯುಂಟು. ಕೋಶಕ್ಕೆ ಬೇಕಾದ ಸಸಾರಜನಕಗಳನ್ನು ನೇಯುವ ಯಂತ್ರಗಳ ಬಿಡಿಭಾಗಗಳು ಅಲ್ಲಿ ಸಿದ್ಧವಾಗುವುವು. ಉಳಿದ ಜಾಗದಲ್ಲೆಲ್ಲ ಹರಡಿಕೊಂಡಿರುವುದು ಒಂದು ನೂಲು. ಡಿ.ಎನ್.ಎ. ಎಂಬ ಹೆಸರು ಈಗ ಎಲ್ಲರ ಕಿವಿಗೂ ಬಿದ್ದಿದೆ. ಮನುಷ್ಯನ ಒಂದು ಕೋಶಕೇಂದ್ರದಲ್ಲಿರುವ ಈ ನೂಲನ್ನೆಲ್ಲ ಬಿಡಿಸಿ ಉದ್ದಕ್ಕೆ ಜೋಡಿಸಿದರೆ ಸುಮಾರು ೨ ಮೀಟರ್ ಆಗುವುದು! ಇದರ ಜೋಡಿಸುರುಳಿಯ ರಚನೆಯನ್ನು ವಾಟ್ಸನ್ ಮತ್ತು ಕ್ರಿಕ್ ೧೯೫೩ರಲ್ಲಿ ತಿಳಿಸಿದರು. ದೇಹವನ್ನು ಕಟ್ಟುವ ವಿಧಾನವೆಲ್ಲ ಈ ನೂಲಿನ ಮೇಲೆ ಬರೆದಿರುವುದು.

ಕೋಶವು ಎರಡಾಗಿ ಒಡೆಯುವ ಸಮಯಕ್ಕೆ ಈ ನೂಲು, ಮದುವೆಗೆ ಹೊರಟವರು ಹಾಸಿಗೆ ಸುತ್ತಿ ಕಟ್ಟುವಂತೆ, ಬಿಗಿಯಾಗಿ ಸುತ್ತಿಕೊಂಡು ಪ್ರತ್ಯೇಕ ತುಂಡುಗಳಾಗಿ ಕಾಣಿಸಿಕೊಳ್ಳುವುದು. ಬಣ್ಣವನ್ನು ಚೆನ್ನಾಗಿ ಹೀರುವುದರಿಂದ ಅವಕ್ಕೆ ವರ್ಣತಂತುಗಳೆಂದು ಹೆಸರು. ಪ್ರತಿಯೊಂದು ಜಾತಿಯ ಜೀವಿಗೂ ಇವುಗಳ ಸಂಖ್ಯೆ ಗೊತ್ತಾದದ್ದು. ಉಳ್ಳಾಗಡ್ಡೆಗೆ ೧೬, ಜೋಳಕ್ಕೆ ೨೦, ತೊಗರಿಗೆ ೨೨, ಎಮ್ಮೆಗೆ ೫೦, ಆಕಳಿಗೆ ೬೦, ಮನುಷ್ಯನಿಗೆ ೪೬. ಸಂಖ್ಯೆ ಹೆಚ್ಚಾದರೆ ಜೀವಿಯ ಘನತೆಯೂ ಹೆಚ್ಚೆಂದು ಯಾರೂ ತಿಳಿಯಬಾರದು. ನಮ್ಮ ಮಲೆನಾಡಿನ ಕಾಡುಗಳಲ್ಲಿ ಬೊಗಳುವ ಕಾಡುಕುರಿಯ ಹೆಣ್ಣಿಗೆ ೬, ಗಂಡಿಗೆ ೭ ಮಾತ್ರ. ಸಸ್ತನಿಗಳಲ್ಲೆಲ್ಲ ಅತಿ ಕಡಮೆ. ಹುಲ್ಲಿನ ನಡುವೆ ಕಾಣದಂತೆ ಬೆಳೆಯುವ ಓಫಿಯೋಗ್ಲಾಸಮ್ ಎಂಬ ಪುಟ್ಟ ಜರೀಗಿಡವೊಂದಕ್ಕೆ ಸುಮಾರು ೧೨೬೦! ಮನುಷ್ಯನ ಲೆಕ್ಕದಲ್ಲಿಯೇ ವಿದ್ವಾಂಸರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಪ್ಪಿದ್ದರು. ೪೮ ಎಂದು ೧೯೨೩ರಲ್ಲಿ ಹೇಳಿದ್ದನ್ನು ಎಲ್ಲರೂ ನಂಬಿ ಪಾಠ ಹೇಳಿದರು. ೧೯೫೬ರಲ್ಲಿ ತ್ಜಿಯೋ ಮತ್ತು ಲೆವಾನ್ ಸರಿಯಾಗಿ ಎಣಿಸಿ ೪೬ ಎಂದು ತೋರಿಸಿದರು. ಅಧ್ಯಾಪಕ ವೃತ್ತಿಯವನಾದ ನಾನು ಈ ಸಂಗತಿಯನ್ನು ಆಗಾಗ ನೆನೆಸಿಕೊಳ್ಳುವುದುಂಟು.

ಈ ಸೂಕ್ಷ್ಮಕಾರ್ಯದಲ್ಲಿ ಕನ್ನಡ ನಾಡೂ ಹಿಂದೆ ಬಿದ್ದಿರಲಿಲ್ಲ. ೧೯೩೦ರ ದಶಕದಲ್ಲಿಯೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ. ಆರ್. ಶೇಷಾಚಾರ್ ಅವರು ಹುಳುವಿನಂತೆ ಮಣ್ಣಿನಲ್ಲಿ ವಾಸಿಸುವ ಕಾಲಿಲ್ಲದ ಉಭಯಚರಿಗಳ ವರ್ಣತಂತುಗಳನ್ನು ಅಭ್ಯಾಸಮಾಡಿದ್ದರು. ಮುಂದೆ ಅವರು ದೆಹಲಿಯ ವಿಶ್ವವಿದ್ಯಾನಿಲಯಕ್ಕೆ ಹೋದ ಮೇಲೆ ನೀರಿನಲ್ಲಿರುವ ಏಕಕೋಶದ ಜೀವಿಗಳ ಕೋಶಕೇಂದ್ರಗಳನ್ನು ಕುರಿತು ಕೆಲಸಮಾಡಿದರು. ಆ ಜೀವಿಗಳಲ್ಲಿ ದೈನಂದಿನ ಆಡಳಿತಕ್ಕೆ ಒಂದು ದೊಡ್ಡ ಕೇಂದ್ರ, ಸಂತಾನದ ಕಾರ್ಯಕ್ಕೆ ಬೇರೊಂದು ಚಿಕ್ಕ ಕೇಂದ್ರ.

ಕೋಶಕೇಂದ್ರದ ಅಧಿಕಾರವೆಷ್ಟೆಂಬುದನ್ನು ಬಹು ಅಂದವಾಗಿ ತೋರಿಸಿದವನು ಜರ್ಮನಿಯ ಹೆಮರ್ಲಿಂಗ್. ಸಮುದ್ರದಲ್ಲಿ ಅಸಿಟಬುಲೇರಿಯ ಎಂಬ ಪಾಚಿಯುಂಟು. ಬೆರಳುದ್ದದ ಕಡ್ಡಿಯ ತುದಿಗೆ ಕೊಡೆ ಬಿಚ್ಚಿದಂತಿರುವ ಈ ಗಿಡವೆಲ್ಲ ಒಂದೇ ಜೀವಕೋಶ! ಅದರ ಕೇಂದ್ರವಿರುವುದು ಬುಡದಲ್ಲಿ. ಕೊಡೆಯ ಆಕಾರ ಬೇರೆ ಬೇರೆಯಾದ ಎರಡು ಜಾತಿಗಳನ್ನು ತೆಗೆದುಕೊಂಡು, ಒಂದರ ಕಡ್ಡಿಯನ್ನು ಮತ್ತೊಂದರ ಬುಡಕ್ಕೆ ಆತನು ಕಸಿಮಾಡಿದನು. ಮೊದಲು ಬಂದ ಕೊಡೆ ಎರಡರ ನಡುವಣ ರೂಪದ್ದಾಗಿತ್ತು. ಅದನ್ನು ಕತ್ತರಿಸಿದಾಗ ಮತ್ತೆ ಹುಟ್ಟಿದ ಕೊಡೆ ಬುಡದ ಜಾತಿಯದೇ, ಅಂದರೆ ಕೋಶಕೇಂದ್ರದ ಜಾತಿಯದೇ ಆಯಿತು. ಪುಸ್ತಕಗಳು ಎರಡನೆಯ ಕೊಡೆಯನ್ನು ಮಾತ್ರ ಹೊಗಳುವುವು. ನನಗೆ ಮೊದಲನೆಯದೂ ಅಷ್ಟೇ ಮುಖ್ಯವೆಂದು ತೋರುತ್ತದೆ. ಹಿಂದಿನ ಅರಸನು ಹೋದ ಮೇಲೂ ಅವನು ಬರೆದಿಟ್ಟ ಕಾಗದಗಳು ಕೆಲವು ಕಾಲ ಊರಿನಲ್ಲಿ ನಡೆಯುವಂತೆ, ಹಳೆಯ ಕೇಂದ್ರದಿಂದ ಹೊರಟಿದ್ದ ಆದೇಶಗಳು ಕಡ್ಡಿಯ ಕೋಶದ್ರವ್ಯದಲ್ಲಿ ಇನ್ನೂ ಉಳಿದಿದ್ದುವು.

ಕೇಂದ್ರವಿಲ್ಲದೆ ಬಾಳುವ ಕೋಶಗಳೂ ಇಲ್ಲದಿಲ್ಲ. ನಮ್ಮ ರಕ್ತದ ಕೆಂಪು ಕಣವು ಪ್ರಾಣವಾಯುವನ್ನು ಹೊರುವುದಕ್ಕೆ ಜಾಗ ಸಾಲಬೇಕೆಂದೋ ಏನೋ ತನ್ನ ಕೇಂದ್ರವನ್ನು ಹೊರಗೆ ಹಾಕಿ, ಸುಮಾರು ೧೨೦ ದಿನ ದುಡಿದು ಸಾಯುವುದು. ಮತ್ತೆ ಅದು ಒಡೆದು ಎರಡಾಗಲಾರದು, ತನ್ನ ಹರಕನ್ನು ತಾನು ಹೊಲಿದುಕೊಳ್ಳಲಾರದು. ಕೋಳಿಯ ರಕ್ತವನ್ನು ನೋಡಿದರೆ ಅದರ ಕೆಂಪು ಕಣಗಳಲ್ಲಿ ಕೇಂದ್ರವಿರುವುದು. ಗಿಡದಲ್ಲಿ ಎಲೆಯಿಂದ ಬೇರಿಗೆ ಸಕ್ಕರೆಯನ್ನು ಸಾಗಿಸುವ ಜರಡಿನಾಳದ ಕೋಶಗಳೂ ಕೇಂದ್ರವನ್ನು ಕಳೆದುಕೊಂಡವುಗಳೇ; ಪಕ್ಕದ ಸಂಗಾತಿಕೋಶದ ನೆರವಿನಿಂದ ಅವು ಜೀವ ಹಿಡಿದಿರುವುವು.

ಈಗ ಕಾಕಾ ಅವರ ಹೊಲಕ್ಕೆ ಬರೋಣ. ಕೋಶಕೇಂದ್ರದ ಹೊರಗೆ, ಕೋಶದ್ರವ್ಯದಲ್ಲಿ, ಮೈಟೋಕಾಂಡ್ರಿಯಗಳೆಂಬ ಸಣ್ಣ ಕಣಗಳು ಬಹು ಸಂಖ್ಯೆಯಲ್ಲಿ ಇರುವುವು. ಉಸಿರಿನಿಂದ ಬಂದ ಪ್ರಾಣವಾಯುವಿನಲ್ಲಿ ಆಹಾರವನ್ನು ಮೆಲ್ಲನೆ ಉರಿಸಿ ಶಕ್ತಿಯನ್ನು ಒದಗಿಸುವ ಒಲೆಗಳು ಇವು. ವಿಶೇಷವೇನೆಂದರೆ, ಈ ಒಲೆಗಳ ಒಳಗೂ ಒಂದು ಚಿಕ್ಕ ನೂಲು, ಅದರದೇ ಆದ ಬರಹ ಉಂಟು. ಮನುಷ್ಯನ ಮೈಟೋಕಾಂಡ್ರಿಯದ ಬರಹದಲ್ಲಿ ೩೭ ಜೀನುಗಳಿವೆ. ಎಲೆಯ ಹಸುರು ಕಣಗಳಿಗೂ ಹೀಗೆಯೇ ಸ್ವಂತ ಬರಹವಿದೆ. ಕೋಶಕೇಂದ್ರದ ಬರಹ ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುವುದು. ಮೈಟೋಕಾಂಡ್ರಿಯದ ಬರಹವಾದರೋ ನಮ್ಮಲ್ಲಿಯೂ ಜೋಳದಲ್ಲಿಯೂ ತಾಯಿಯ ಅಂಡಕೋಶದಿಂದಲೇ ಬರುವುದು. ತಂದೆಯ ಹೆಸರಿನಿಂದಲೇ ವಂಶಾವಳಿಯನ್ನು ಬರೆಯುವ ನಾವು ಇದನ್ನು ಸ್ವಲ್ಪ ಯೋಚಿಸತಕ್ಕದ್ದೇ. ೧೯೯೬ರಲ್ಲಿ ಹುಟ್ಟಿದ ಡಾಲಿ ಎಂಬ ಕುರಿಯನ್ನು ಒಂದು ಕುರಿಯ ತದ್ರೂಪವೆಂದು ಲೋಕವೆಲ್ಲ ಕೊಂಡಾಡಿತು; ಅದರ ಕೋಶಕೇಂದ್ರ ಒಂದು ಕುರಿಯದು, ಮೈಟೋಕಾಂಡ್ರಿಯ ಮಾತ್ರ ಅಂಡವನ್ನು ಕೊಟ್ಟ ಇನ್ನೊಂದು ಕುರಿಯದು.

ಜೋಳದ ತೆನೆಯಲ್ಲಿ ಗಂಡು ಹೆಣ್ಣು ಎರಡು ಭಾಗಗಳೂ ಒಂದೇ ಹೂವಿನಲ್ಲಿರುವುದರಿಂದ, ಎರಡು ತಳಿಗಳನ್ನು ಕೂಡಿಸಿ ಮಿಶ್ರತಳಿಯ ಬೀಜವನ್ನು ಚೀಲಗಟ್ಟಲೆ ಮಾಡುವುದು ಅಸಾಧ್ಯವೆಂದು ಬಹು ಕಾಲ ತೋರಿತ್ತು. ಹೂವು ಹೂವಿನ ಗಂಡು ಕೇಸರವನ್ನು ಚಿಮಟದಿಂದ ಕೀಳುವವರು ಯಾರು? ಅಮೆರಿಕದ ಟೆಕ್ಸಾಸಿನಲ್ಲಿ ಸ್ಟೀಫನ್ಸ್ ಮತ್ತು ಹಾಲೆಂಡ್ ಎಂಬವರು ೧೯೫೪ರಲ್ಲಿ ಇದಕ್ಕೆ ದಾರಿ ಕಂಡರು. ಮೈಲೋ ಎಂಬ ಜೋಳದ ಕೋಶದ್ರವ್ಯದಲ್ಲಿ ಕಾಫಿರ್ ಎಂಬ ಜೋಳದ ಕೋಶಕೇಂದ್ರವನ್ನು ತಲೆಮಾರಿನಿಂದ ತಲೆಮಾರಿಗೆ ಸಂಕರಮಾಡಿ ನೆಲೆಗೊಳಿಸಿದರೆ, ಒಳಗಿನವನಿಗೂ ಹೊರಗಿನವರಿಗೂ ಹೊಂದಿಕೆಯಾಗದೆ ಗಂಡು ಪರಾಗವೇ ಕೆಡುವುದು. ಗಿಡ ಆರೋಗ್ಯವಾಗಿಯೇ ಬೆಳೆಯುವುದು, ಹೆಣ್ಣು ಭಾಗವೂ ಸರಿಯಾಗಿರುವುದು. ಪರಾಗ ಮಾತ್ರ ಬರಿದು. ಇಂಥ ಸಾಲುಗಳ ಪಕ್ಕದಲ್ಲಿ ಬೇರೊಂದು ತಳಿಯನ್ನು ಬಿತ್ತಿದರೆ ಗಾಳಿಯೇ ಮದುವೆ ಮಾಡಿಸುವುದು. ಆ ಗಂಡು ತಳಿಯ ಕೋಶಕೇಂದ್ರದಲ್ಲಿ, ಕೆಟ್ಟುಹೋದ ಪರಾಗವನ್ನು ಮತ್ತೆ ಸರಿಪಡಿಸುವ ಅಂಶವಿರುವಂತೆ ನೋಡಿಕೊಳ್ಳುವರು. ಈ ವಿಧಾನದಿಂದಲೇ ನಮ್ಮ ದೇಶದ ಮೊದಲ ಮಿಶ್ರತಳಿ ಜೋಳ ಸಿ.ಎಸ್.ಎಚ್. ೧ ಎಂಬುದು ೧೯೬೪ರಲ್ಲಿ ಹೊರಬಂತು. ಹುಲಸೂರಿನಿಂದ ಹುಮನಾಬಾದಿಗೆ ಬಂದು ಹೈದರಾಬಾದಿನ ದಾರಿ ಹಿಡಿದರೆ ಸಿಕ್ಕುವ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರು, ತೊಗರಿಯ ಕಾಡು ಬಂಧುವೊಂದರ ಕೋಶದ್ರವ್ಯವನ್ನು ತಂದು ತೊಗರಿಯಲ್ಲಿಯೂ ಇದನ್ನೇ ಸಾಧಿಸಿದರು; ಆ ಮಿಶ್ರತಳಿ ೨೦೧೦ರಲ್ಲಿ ರೈತರಿಗೆ ದೊರೆಯಿತು.

ಹೀಗಿರುವಲ್ಲಿ ಅಂಗಡಿಯಿಂದ ತಂದ ಬೀಜದ ಪ್ರತಿಯೊಂದು ಕಾಳಿನಲ್ಲಿಯೂ ತಾಯಿಯ ಒಂದು ಪಾಲು, ತಂದೆಯ ಒಂದು ಪಾಲು ಸಮವಾಗಿ ಕೂಡಿರುವುವು. ಆದುದರಿಂದ ಮೊದಲ ವರ್ಷ ಹೊಲವೆಲ್ಲ ಒಂದೇ ಎತ್ತರ. ಆ ಬೆಳೆಯ ಕಾಳನ್ನು ಬಿತ್ತಿದಾಗ ಈ ಪಾಲುಗಳು ಇಸ್ಪೀಟಿನ ಎಲೆಗಳಂತೆ ಕಲಸಿ ಹಂಚಲ್ಪಡುವುವು. ಒಂದು ಗಿಡಕ್ಕೆ ಕುಳ್ಳಗಿರುವ ಪಾಲು, ಒಂದಕ್ಕೆ ಎತ್ತರದ ಪಾಲು. ಕೋಶದ್ರವ್ಯವಾದರೋ ಹಂಚಿಕೆಗೆ ಒಳಗಾಗದೆ ಎಲ್ಲ ಗಿಡಗಳಿಗೂ ಅದೇ ಮೈಲೋ ತಾಯಿಯದು. ಸರಿಪಡಿಸುವ ಅಂಶ ಯಾವ ಗಿಡಕ್ಕೆ ದೊರೆಯಲಿಲ್ಲವೋ ಅದರ ಪರಾಗ ಬರಿದಾಗುವುದು. ಆ ಅಂಶ ಒಂದೇ ಆಗಿದ್ದ ಪಕ್ಷದಲ್ಲಿ ನಾಲ್ಕರಲ್ಲಿ ಒಂದು ಗಿಡಕ್ಕೆ ಈ ಗತಿ. ಕಾಕಾ ಅವರು ಎಷ್ಟೇ ಕಣ್ಣಿಟ್ಟು ಒಳ್ಳೆಯ ತೆನೆಯನ್ನು ಆರಿಸಿದರೂ ತೆನೆಯ ಹೊರರೂಪದಲ್ಲಿ ಈ ಹಂಚಿಕೆ ಕಾಣುವಂತಿಲ್ಲ. ಹಿಂಗಾರಿಗೆ ಬಿತ್ತುವ ಮಾಲ್ದಂಡಿಯಂಥ ತಳಿಗಳಲ್ಲಾದರೆ ತಂದೆತಾಯಿಯ ಪಾಲುಗಳು ಒಂದೇ ಬಗೆಯವು. ಅದರ ಬೀಜವನ್ನು ಮನೆಯಲ್ಲಿಟ್ಟು ಬಿತ್ತಬಹುದು, ಅಲ್ಲಿಯ ಹೆಂಗಸರು ತಲೆಮಾರುಗಳಿಂದ ಹಾಗೆ ಇಟ್ಟೇ ಬಂದಿದ್ದಾರೆ. ಬೀಜ ಮಾರುವವರು ಈ ಎರಡು ಮಾತನ್ನು ಚೀಲದ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಅಚ್ಚುಮಾಡಿದರೆ ಒಬ್ಬ ರೈತನ ಒಂದು ಹಂಗಾಮು ಉಳಿಯುವುದು. ಇದನ್ನು ನಾನು ಹಲವು ಕಡೆ ಹೇಳಿದ್ದೇನೆ.

ಮರುದಿನ ಸಂಜೆ ಇವೆಲ್ಲವನ್ನೂ ಆದಷ್ಟು ತಿಳಿಯಾಗಿ ಹೇಳಿದೆನು. ಕಾಕಾ ಕೇಳುತ್ತ ಕುಳಿತಿದ್ದು, "ತಾಯಿ ಕಡೀದು ಹಂಚಿಕಿಗಿ ಬರಾಂಗಿಲ್ಲ ಅನ್ನು" ಎಂದರು. ಆಮೇಲೆ ರುಮಾಲಿನ ಗಂಟು ಬಿಚ್ಚಿ ಆಗ ತಾನೇ ಹೂವಾಡುತ್ತಿದ್ದ ಎರಡು ತೆನೆಗಳನ್ನು ಹೊರಗೆ ತೆಗೆದರು. ಒಂದರಲ್ಲಿ ತುಂಬಿದ ಹಳದಿಯ ಪರಾಗಕೋಶಗಳು ತೂಗುತ್ತಿದ್ದುವು. ಇನ್ನೊಂದರಲ್ಲಿ ಬಿಳಿಚಿಕೊಂಡು ಸೊರಗಿದವು. ಎರಡನ್ನೂ ಗಾಜಿನ ಮೇಲೆ ಒಡೆದು ಅಯೋಡಿನ್ ಹಾಕಿದೆವು. ಮೊದಲನೆಯದರಲ್ಲಿ ಸಾಸಿವೆಯಂತೆ ದುಂಡಗೆ, ಕಪ್ಪಾಗಿ ತುಂಬಿದ ಕಣಗಳು. ಎರಡನೆಯದರಲ್ಲಿ ಬಣ್ಣವನ್ನೇ ಹಿಡಿಯದ, ಮುದುಡಿದ ಕೆಲವೇ ಬರಿಯ ಸಿಪ್ಪೆಗಳು.

ಅವರು ಬಹಳ ಹೊತ್ತು ನೋಡಿದರು. ಹಿಂದೆ ಸರದಿಯಲ್ಲಿದ್ದ ಹುಡುಗರು ಗಲಾಟೆಮಾಡತೊಡಗಿದರೂ ಏಳಲಿಲ್ಲ. ಕೊನೆಗೆ ಎದ್ದು, "ಬಾವಿ ಕಡೀ ಸಾಲಿನ್ದು ನೋಡಬೇಕು, ತಡೀರಿ, ಕತ್ತಲಾಗೂದ್ರಾಗ ತರ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊಲದ ಕಡೆಗೆ ಹೊರಟರು.